ಹೂಂಗುಟ್ಟಿದ ತಪ್ಪಿಗೆ

ಕಥೆ ಕೇಳುವವರು ನಡುನಡುವೆ "ಹೂಂ" ಅನ್ನಬೇಕು. ಇದು ನಮ್ಮ ಅಜ್ಜಿ ಅಕ್ಕಯ್ಯಮ್ಮನ ಕಾನೂನು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಕುದುರೆ ಹತ್ತಲು ಹೊರಟ ರಾಜಕುಮಾರ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ನಿಂತೇ ಇರುತ್ತಾನೆ, ನಾವು ಹೂಂ ಅನ್ನುವ ತನಕ. ಚಿಕ್ಕವಳಿದ್ದಾಗ ನಾನು ನಿದ್ದೆಗಣ್ಣಿನಲ್ಲಿ ಹೂಂ ತಪ್ಪಿಸಿ ಒಬ್ಬ ರಾಜಕುಮಾರಿಯನ್ನು ಮೂರು ದಿನ ಬಾವಿಯೊಳಗೆ ಹಗ್ಗದ ತುದಿಯಲ್ಲಿ ನೇತಾಡಿಸಿದ್ದೇನೆ.

ಆದರೆ ಹೂಂಗುಟ್ಟುವುದರಲ್ಲಿ ಅಪ್ಪನನ್ನು ಮೀರಿಸುವವರು ನಮ್ಮ ಮನೆಯಲ್ಲಿರಲಿ, ದೊಡ್ಡಬಳ್ಳಾಪುರದಲ್ಲೇ ಇರಲಿಲ್ಲ. ಆ ವಿದ್ಯೆಯೇ ಅವನನ್ನು ಕಟಕಟೆ ಹತ್ತಿಸಿತು, ಮಾಡದ ತಪ್ಪನ್ನು ಒಪ್ಪಿಸಿತು, ಕೊನೆಗೆ ಮನೆ ಬಾಗಿಲಿಗೆ ಕೋರ್ಟಿನ ಅಮೀನರನ್ನು ಕರೆತಂದಿತು.

ಅಪ್ಪನ ಹೆಸರು ಲಕ್ಷ್ಮಣಪ್ಪ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಪವರ್‌ಲೂಮು, ಹಿಂದಿನ ಎರಡು ಕೋಣೆಗಳಲ್ಲಿ ನಾವು ನಾಲ್ವರು: ಅಪ್ಪ, ಅಮ್ಮ ಅರುಣಾ, ಅಜ್ಜಿ, ನಾನು. ಮೂವತ್ತು ವರ್ಷ ಆ ಮಗ್ಗದ ಪಕ್ಕದಲ್ಲಿ ನಿಂತೂ ನಿಂತೂ ಅಪ್ಪನ ಕಿವಿ ಹಳೇ ಸೋಪಿನ ಹಾಗೆ ಸವೆದುಹೋಗಿತ್ತು. ನಮ್ಮ ಬೀದಿಯಲ್ಲಿ ಇದು ದೊಡ್ಡ ವಿಷಯವಲ್ಲ. ಮನೆಮನೆಯಲ್ಲೂ ಮಗ್ಗ ಇರುವುದರಿಂದ ಎಲ್ಲರೂ ಕೂಗಿಯೇ ಮಾತಾಡುತ್ತಾರೆ; ಇಲ್ಲಿ ಗುಟ್ಟು ಹೇಳಿದರೂ ಎಂಟನೇ ಮನೆಗೆ ಕೇಳುತ್ತದೆ. ಅಪ್ಪನದು ಮಾತ್ರ ಪೂರ್ತಿ ಹೋಗಿತ್ತು. ಹತ್ತಿರ ನಿಂತು ಕಿರುಚಿದರೆ ಒಂದು ಹೆಸರೋ ಒಂದು ಅರ್ಧ ಪದವೋ ದಾಟುತ್ತಿತ್ತು, ಅಷ್ಟೆ. ಇದು ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ. "ಅವ್ವಂಗೆ ಮಾತ್ರ ಗೊತ್ತಾಗಕೂಡ್ದು," ಎಂದು ಅಪ್ಪ ನಮ್ಮಿಬ್ಬರಿಂದ ಮಗ್ಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದ.

ಯಾಕೆಂದರೆ ದಿನಾ ಮುಸ್ಸಂಜೆ ಅಜ್ಜಿ ಮಗ್ಗದ ಬದಿಯ ಗೋಣಿಚೀಲದ ಮೇಲೆ ಕೂತು, ರಾಟೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ, ಮಗನಿಗೆ ಕಥೆ ಹೇಳುತ್ತಿದ್ದಳು. ಮಗನಿಗೆ ಐವತ್ತೆರಡು ವರ್ಷವಾಗಿದೆ ಎಂಬುದು ಅವಳ ಲೆಕ್ಕಕ್ಕೆ ಬಂದಂತಿರಲಿಲ್ಲ. ಮಾತು ನಿಲ್ಲಿಸುವ ಕಡೆ ಅಜ್ಜಿ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸುತ್ತಾಳೆ. ಅಪ್ಪ ಓರೆಗಣ್ಣಿನಲ್ಲಿ ಅದನ್ನು ನೋಡಿ "ಹೂಂ" ಅನ್ನುತ್ತಿದ್ದ. ಹತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಕಥೆ ಮುಗಿದ ಮೇಲೆ ಅಜ್ಜಿ ಇನ್ನೇನೋ ಒಂದು ಮಾತು ಕೇಳುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಅದು ಒಳಗಿದ್ದ ನಮಗೂ ಕೇಳುತ್ತಿರಲಿಲ್ಲ. ಅದಕ್ಕೂ ಅಪ್ಪ "ಹೂಂ" ಅನ್ನುತ್ತಿದ್ದ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಏಳುತ್ತಿದ್ದಳು.

ಅನಾಹುತ ಶುರುವಾದದ್ದು ನನ್ನ ಹೆಸರಿನಿಂದ. ಪಿಯುಸಿ ಅಂಕಪಟ್ಟಿಯಲ್ಲಿ ಯಾರೋ ಪುಣ್ಯಾತ್ಮರು ರಂಜಿತಳಾದ ನನ್ನನ್ನು ರಣಜಿತನನ್ನಾಗಿ ಮಾಡಿಟ್ಟಿದ್ದರು. ತಿದ್ದಿಸಲು ಅಫಿಡವಿಟ್ಟು ಬೇಕಾಯಿತು. ಅಪ್ಪ ಬಿಳಿ ಅಂಗಿ ತೊಟ್ಟು, ಆಧಾರ್ ಕಾರ್ಡು ಜೇಬಿಗಿಟ್ಟು ಹೊರಟ.

"ನಾನೂ ಬರ್ತೀನಿ ಕಣಪ್ಪಾ," ಎಂದು ಕಿವಿಯ ಹತ್ತಿರ ಕೂಗಿದೆ.

"ಒಂದು ಸೈನು ಹಾಕ್ಸೋದಕ್ಕೆ ಮೆರವಣಿಗೆ ಯಾಕೆ?" ಅಂದ.

ಕೋರ್ಟಿನ ಆವರಣದ ಹೊಂಗೆ ಮರದಡಿ ಟೈಪು ಮಾಡುವವನು, ಹೊತ್ತಾಗುತ್ತದೆ, ಅಲ್ಲಿ ಕೂತಿರಿ ಎಂದು ಬೆಂಚಿನ ಕಡೆ ಕೈ ತೋರಿಸಿದನಂತೆ. ಆ ಬೆಂಚಿನ ಹಿಂದೆಯೇ ಕೋರ್ಟ್ ಹಾಲಿನ ಬಾಗಿಲು. ಅಪ್ಪ ಬೆಂಚು ದಾಟಿ ಒಳಗೇ ಹೋಗಿ ಫ್ಯಾನಿನ ಕೆಳಗೆ ಕೂತ. ಸ್ವಲ್ಪ ಹೊತ್ತಿಗೆ ಜವಾನ ಅವನ ಬಗಲಲ್ಲೇ ನಿಂತು, ಮೂರು ಬೀದಿಗೆ ಕೇಳುವ ಹಾಗೆ, "ಲಕ್ಷ್ಮಣಪ್ಪಾ ಬಿನ್ ಮುನಿಶಾಮಪ್ಪಾ!" ಎಂದು ಕೂಗಿದ. ಅಪ್ಪನ ಹೆಸರೂ ಅದೇ, ತಾತನ ಹೆಸರೂ ಅದೇ. ತನ್ನ ಅಫಿಡವಿಟ್ಟಿಗೆ ಇಷ್ಟು ಬೇಗ ಕರೆ ಬಂತಲ್ಲ ಎಂದು ಅಪ್ಪ ಅಂಗಿಯ ಗುಂಡಿ ಹಾಕಿಕೊಂಡು ಎದ್ದ.

ಒಳಗೆ ನಡೆದದ್ದು ನಮಗೆ ಗೊತ್ತಾದದ್ದು ಬಹಳ ದಿನದ ಮೇಲೆ, ವಕೀಲರು ಕೋರ್ಟಿನ ದಾಖಲೆಯ ನಕಲು ತೆಗೆಸಿದಾಗ.

"ದೊಡ್ಡಬೆಳವಂಗಲದ ಹತ್ತಿರದ ಕೆರೆಯಲ್ಲಿ ಪರವಾನಗಿ ಇಲ್ಲದೆ ಜೆಸಿಬಿಯಿಂದ ಮಣ್ಣು ತೆಗೆಸಿದ್ದು ನಿಜವೇ?"

"ಹೂಂ."

"ತಪ್ಪು ಒಪ್ಪಿಕೊಳ್ಳುತ್ತೀರಾ?"

"ಹೂಂ."

"ಯಾರ ಒತ್ತಾಯವೂ ಇಲ್ಲ ತಾನೆ?"

"ಹೂಂ."

"ಅರವತ್ತು ಸಾವಿರ ದಂಡ. ಒಂದು ತಿಂಗಳೊಳಗೆ ಕಟ್ಟುತ್ತೀರಾ?"

"ಹೂಂ."

ಗುಮಾಸ್ತ ಆಧಾರ್ ಕಾರ್ಡಿನಿಂದ ವಿಳಾಸ ಬರೆದುಕೊಂಡ. ಅಪ್ಪ ತೋರಿಸಿದ ಕಡೆಯೆಲ್ಲ ರುಜು ಹಾಕಿ, ಕೈಮುಗಿದು, ಹೊರಗೆ ಬಂದು ಎಳನೀರು ಕುಡಿದ. ಅಫಿಡವಿಟ್ಟು ಹೊಂಗೆ ಮರದಡಿಯೇ ಉಳಿಯಿತು. ನಾನು ಇವತ್ತಿಗೂ ರಣಜಿತ.

ಮನೆಗೆ ಬಂದ ಅಪ್ಪನ ಎದೆ ಅಂಗಿಗೆ ಹಿಡಿಸುತ್ತಿರಲಿಲ್ಲ. "ಜಡ್ಜ್ ಸಾಹೇಬ್ರೇ ಕರೆಸಿ ಮಾತಾಡಿಸಿದ್ರು ಕಣೇ. ಐದು ನಿಮಿಷ! ಕರೀ ಕೋಟಿನವರೆಲ್ಲ ಬಾಯಿ ಮುಚ್ಕೊಂಡು ನಿಂತಿದ್ರು."

"ಏನ್ ಕೇಳಿದ್ರು?" ಎಂದು ಅಮ್ಮ ಕೈಸನ್ನೆಯಲ್ಲಿ ಕೇಳಿದಳು.

"ಎಲ್ಲಾ ಕೇಳಿದ್ರು. ಒಂದಕ್ಕೂ ತಡವರಿಸ್ಲಿಲ್ಲ ನಾನು."

ಪಕ್ಕದ ಮನೆಯ ಬೈರಣ್ಣನಿಗೂ ಅವನ ಹಿಂದಿನ ಮನೆಯವರಿಗೂ ಒಂದು ಚರಂಡಿಯ ವಿಷಯದಲ್ಲಿ ಆರು ವರ್ಷದಿಂದ ವ್ಯಾಜ್ಯ. ಮಾರನೇ ದಿನವೇ ಅವನು ಸೀಬೆಹಣ್ಣಿನ ಚೀಲ ಹಿಡಿದು ಬಂದ. "ಅಣ್ಣೋ, ಜಡ್ಜ್ ಸಾಹೇಬ್ರು ನಿಮಗೆ ಬೇಕಾದೋರಂತೆ. ನಮ್ಮ ಚರಂಡಿ ವಿಷ್ಯ ಒಂದ್ ಮಾತು ಕಿವೀಗೆ ಹಾಕ್ಬಿಡಿ."

"ಹೂಂ," ಅಂದ ಅಪ್ಪ, ಸೀಬೆಹಣ್ಣು ನೋಡುತ್ತಾ.

ಬೈರಣ್ಣನ ಹೆಂಡತಿ ದ್ಯಾವಮ್ಮ ಆ ಸುದ್ದಿಯನ್ನು ನಲ್ಲಿಯ ಹತ್ತಿರ ಹಂಚಿದಳು. ಒಂದು ತಿಂಗಳು ನಮ್ಮ ಮನೆಗೆ ತರಕಾರಿ ಕೊಳ್ಳುವ ಪ್ರಮೇಯವೇ ಬರಲಿಲ್ಲ. ಗಂಡನ ಮೇಲೆ ದೂರು ತಂದವರು, ಬಾಡಿಗೆಯವರನ್ನು ಬಿಡಿಸಬೇಕಾದವರು, ಎಮ್ಮೆ ಕಳೆದುಕೊಂಡವರು, ಎಲ್ಲರಿಗೂ ಅಪ್ಪ ಒಂದೇ ತೀರ್ಪು ಕೊಟ್ಟ: ಹೂಂ. ಅಷ್ಟು ಕಡಿಮೆ ಮಾತಾಡುವ ದೊಡ್ಡ ಮನುಷ್ಯನನ್ನು ಬೀದಿ ನೋಡಿಯೇ ಇರಲಿಲ್ಲ.

ಅಜ್ಜಿಯ ಕಥೆಗಳಲ್ಲಿ ರಾಕ್ಷಸ ಬರುವಾಗ ಗಾಳಿ ಬೀಸುತ್ತದೆ, ಮರ ಮುರಿಯುತ್ತದೆ, ಹಸುಗಳು ಹಗ್ಗ ಕಿತ್ತುಕೊಳ್ಳುತ್ತವೆ. ನಮ್ಮ ಮನೆಗೆ ಬಂದ ಅಮೀನ ವೆಂಕಟರಮಣಪ್ಪನವರು ಬಸ್ ಸ್ಟ್ಯಾಂಡಿನಿಂದ ನಡೆದು ಬಂದರು. ಒಂದು ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. ಕಂಕುಳಲ್ಲಿ ಕಡತ, ಹಿಂದೆ ಆಕಳಿಸುವ ಒಬ್ಬ ಪೊಲೀಸಿನವನು. ಅಜ್ಜಿ ಆಗ ದ್ಯಾವಮ್ಮನ ಹಿತ್ತಲಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಮಗ್ಗ ಓಡುತ್ತಿತ್ತು.

"ಲಕ್ಷ್ಮಣಪ್ಪ ಬಿನ್ ಮುನಿಶಾಮಪ್ಪ?" ಅಮೀನರು ಕಿರುಚಿದರು.

"ಹೂಂ."

"ದಂಡ ಕಟ್ಟಿಲ್ಲ ನೀವು! ವಾರಂಟ್ ತಂದಿದೀನಿ! ವಾರಂಟ್!"

ಅಪ್ಪನ ಮುಖ ಅರಳಿತು. ಮಗ್ಗಕ್ಕೆ ಹಾಕುವ ಹಾಸಿನ ನೂಲಿಗೆ ನಮ್ಮಲ್ಲಿ ವಾರ್ಪು ಅನ್ನುತ್ತಾರೆ. ಸೀರೆ ನೇಯಲು ಕೊಡುವ ಸಾಹುಕಾರರು ಮುಂದಿನ ವಾರ್ಪು ಕಳಿಸದೆ ಒಂದು ವಾರದಿಂದ ಸತಾಯಿಸುತ್ತಿದ್ದರು. "ವಾರ್ಪಾ? ಬನ್ನಿ ಬನ್ನಿ! ನಿಮ್ಮನ್ನೇ ಕಾಯ್ತಾ ಇದ್ದೆ. ಎಲ್ಲಿ, ಆಟೋದಲ್ಲೈತಾ? ಇಳಿಸ್ಕೊಡ್ಲಾ?"

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ವಾರಂಟು ಕಂಡು ಹಿತ್ತಲಿನಿಂದ ಓಡಿದವರನ್ನು, ಮೂರ್ಛೆ ಹೋದವರನ್ನು, ಪೊರಕೆ ಎತ್ತಿದವರನ್ನು ಅಮೀನರು ನೋಡಿದ್ದರು. ಕಾಯುತ್ತಾ ಇದ್ದವರನ್ನು ನೋಡಿರಲಿಲ್ಲ.

"ಇನ್ನೂ ಎರಡು ಇದ್ರೆ ಕಳ್ಸಿ ಸ್ವಾಮಿ," ಅಂದ ಅಪ್ಪ. "ಮಗ್ಗದ ಮೇಲಿರೋದು ಮುಗೀತಾ ಬಂತು."

ಅಮೀನರು ಪೊಲೀಸಿನವನ ಮುಖ ನೋಡಿದರು. ಅವನು ಆಕಳಿಕೆ ಅರ್ಧಕ್ಕೆ ನಿಲ್ಲಿಸಿದ್ದ. ಅವರು ಕಡತ ಬಿಚ್ಚಿ ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದರು: "ಜೆಸಿಬಿ! ಜೆಸಿಬಿ ಎಲ್ಲಿ?"

"ಜಕಾರ್ಡಾ? ಅಗೋ, ಮೇಲೆ!" ಅಪ್ಪ ಛಾವಣಿಯ ಕಡೆ ಬೆರಳು ತೋರಿಸಿದ. ಸೀರೆಯ ಅಂಚಿಗೆ ಹೂವು ಬಿಡಿಸುವ ಜಕಾರ್ಡು ಪೆಟ್ಟಿಗೆ ಮಗ್ಗದ ತಲೆಯ ಮೇಲೆ, ಕತ್ತಲಲ್ಲಿ ಇರುತ್ತದೆ.

"ಜೆಸಿಬೀನ ಅಟ್ಟದ ಮೇಲೆ ಇಟ್ಟಿದೀಯೇನಯ್ಯಾ?"

"ಹೂಂ. ಎಂಟು ವರ್ಷ ಆಯ್ತು. ವಾರಕ್ಕೊಂದ್ಸಲ ಎಣ್ಣೆ ಬಿಡ್ತೀನಿ. ಒಂದು ದಿನ ಕೆಟ್ಟಿಲ್ಲ."

ಪೊಲೀಸಿನವನು ನಿಜವಾಗಿಯೂ ಸ್ಟೂಲು ಎಳೆದುಕೊಂಡು ಹತ್ತಿ ನೋಡಿದ. ಒಳಗಿನಿಂದ ಓಡಿಬಂದ ನಾನು ಮಗ್ಗದ ಸ್ವಿಚ್ಚು ಆರಿಸಿದೆ.

ಆಮೇಲೆ ಅಮೀನರು ವಾರಂಟನ್ನು ಓದಿದರು. ನಾನು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪಕ್ಷರದಲ್ಲಿ ಬರೆದು ಅಪ್ಪನಿಗೆ ತೋರಿಸಿದೆ. ಅವನು ಎರಡು ಸಲ ಓದಿದ. "ನಾನ್ಯಾವ ಕೆರೆ ಮಣ್ಣು ತೆಗ್ದೆ?" ಅಂದ. ಅವನು ಕೆರೆಯ ಮಣ್ಣು ಮುಟ್ಟುತ್ತಿದ್ದದ್ದು ವರ್ಷಕ್ಕೊಂದು ಸಲ, ಗಣೇಶನ ಹಬ್ಬಕ್ಕೆ, ಒಂದು ಬೊಗಸೆ.

"ಆ ಮನುಷ್ಯ ನೀವಲ್ದಿದ್ರೆ ಕೋರ್ಟಿಗೆ ಅರ್ಜಿ ಹಾಕಿ," ಅಂದರು ಅಮೀನರು. ದನಿ ಒರಟಾಗಿರಲಿಲ್ಲ, ಸುಸ್ತಾಗಿತ್ತು. "ಜೆಸಿಬಿ ಸಿಗ್ಲಿಲ್ಲ ಅಂತ ಬರ್ಕೊಂಡು ಹೋಗ್ತೀನಿ. ಇನ್ನೊಂದ್ಸಲ ಬಂದ್ರೆ ಮನೇಲಿರೋದನ್ನ ಬರ್ಕೋಬೇಕಾಗ್ತದೆ." ಹೊರಡುವಾಗ ಅವರ ಕಣ್ಣು ಮಗ್ಗದ ಮೇಲೆ ಒಂದು ಗಳಿಗೆ ನಿಂತಿತು. ಅಮ್ಮ ಅವರ ಚಪ್ಪಲಿಗೆ ಒಂದು ಪಿನ್ನು ಕೊಟ್ಟಳು.

ಮಾರನೇ ದಿನ ನಾನೂ ಅಪ್ಪನೂ ಮೊಪೆಡ್ಡಿನಲ್ಲಿ ದೊಡ್ಡಬೆಳವಂಗಲದ ಕಡೆಯ ಆ ನಿಜವಾದ ಲಕ್ಷ್ಮಣಪ್ಪನನ್ನು ಹುಡುಕಿಕೊಂಡು ಹೋದೆವು. ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಜೆಸಿಬಿ ನಿಂತಿತ್ತು. ಅದರ ಸೊಂಡಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಜೆಸಿಬಿ ಲಕ್ಷ್ಮಣಪ್ಪನ ಕಣ್ಣಲ್ಲಿ ನೀರು ತುಂಬಿತು.

"ನೀವಾ ಅದು!" ಎಂದು ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ. "ಮಗಳ ಮನೆ ಗೃಹಪ್ರವೇಶ ಅಂತ ಆವತ್ತು ನಾನು ಕೋರ್ಟಿಗೆ ಹೋಗ್ಲಿಲ್ಲ. ನಿದ್ದೇನೇ ಇರ್ಲಿಲ್ಲ ನಂಗೆ. ಆಮೇಲೆ ನೋಡಿದ್ರೆ ಕೇಸು ಮುಗಿದೋಯ್ತು ಅಂದ್ರು. ಮನೆದೇವ್ರೇ ಹೋಗಿ ಒಪ್ಕೊಂಡು ಬಂದಿರ್ಬೇಕು ಅಂದ್ಕೊಂಡಿದ್ದೆ. ಲೇ, ಕಾಫಿ ತಗೊಂಬಾರೇ! ದೇವ್ರು ಬಂದೌರೆ!"

"ಅಂಕಲ್, ಹಂಗಲ್ಲ," ಅಂದೆ. "ನೀವು ಬಂದು ಜಡ್ಜ್ ಹತ್ರ ನಿಜ ಹೇಳ್ಬೇಕು."

"ಏನಂತ ಹೇಳ್ಲಮ್ಮಾ? ಒಂದೇ ಮಣ್ಣನ್ನ ಇಬ್ರು ತೆಗೆದ್ವಿ ಅಂದ್ರೆ ಸಾಹೇಬ್ರಿಗೆ ಗಲಿಬಿಲಿ ಆಗಲ್ವಾ? ದೊಡ್ಡೋರ ತಲೆ ಕೆಡಿಸ್ಬಾರ್ದು." ಅಪ್ಪನ ಕಡೆ ತಿರುಗಿ, ಕೈ ಬಿಡದೆಯೇ, ತಲೆಯನ್ನು ಸ್ವಲ್ಪ ವಾಲಿಸಿ ಕೇಳಿದ: "ಒಪ್ಕೊಂಡಿದ್ದು ಒಪ್ಕೊಂಡಂಗೇ ಇರ್ಲಿ. ಏನಂತೀರಣ್ಣಾ?"

"ಹೂಂ," ಅಂದ ಅಪ್ಪ.

ವಾಪಸು ಬರುವಾಗ ಮೊಪೆಡ್ಡಿನ ಮುಂದೆ, ಅಪ್ಪನ ಕಾಲ ನಡುವೆ, ಅವರು ಕೊಟ್ಟ ಹಲಸಿನಹಣ್ಣಿತ್ತು. "ಮನುಷ್ಯ ಒಳ್ಳೆಯೋನು," ಎಂದು ಅಪ್ಪ ಗಾಳಿಗೆ ಕೂಗಿದ. "ಕೈ ಹಿಡ್ಕೊಂಡು ಎಲ್ಲಾ ಒಪ್ಕೊಂಡ." ನಾನು ಹಿಂದೆ ಕೂತಿದ್ದೆ. ಹಾಗಲ್ಲ ಎನ್ನಬೇಕಾದರೂ ಊರು ಮುಟ್ಟಿ, ಗಾಡಿ ನಿಲ್ಲಿಸಿ, ಬರೆದು ತೋರಿಸಬೇಕಿತ್ತು. ಹಲಸಿನಹಣ್ಣಿನ ವಾಸನೆ ಮೂರು ದಿನ ಮನೆಯಲ್ಲಿತ್ತು.

ಅಮೀನರು ಬಂದ ಸುದ್ದಿ ಅಷ್ಟರಲ್ಲಿ ಬೀದಿಗೆ ಹರಡಿತ್ತು; ಅಜ್ಜಿಗೆ ಮಾತ್ರ ಹೇಳಬೇಡಿ ಎಂದು ಅಮ್ಮ ಎಲ್ಲರನ್ನೂ ಬೇಡಿಕೊಂಡಿದ್ದಳು. ತರಕಾರಿ ನಿಂತಿತು. ಆದರೆ ಸಹಾಯ ಶುರುವಾಯಿತು, ಅದು ಇನ್ನೂ ದುಬಾರಿ. "ಜಪ್ತಿ ಮಾಡೋರಿಗೆ ಖಾಲಿ ಮನೆ ತೋರಿಸ್ಬೇಕು ಗುರು," ಎಂದು ಬೈರಣ್ಣ ನಮ್ಮ ಟಿವಿಯನ್ನು ತನ್ನ ಮನೆಗೆ ಸಾಗಿಸಿದ. ದ್ಯಾವಮ್ಮ ಮಿಕ್ಸಿ, ಕುಕ್ಕರು, ಎರಡು ಕೊಳಗ ಹೊತ್ತುಕೊಂಡು ಹೋದಳು. ಸಂಜೆ ಅವಳ ಮನೆಯಿಂದ ನಮ್ಮ ಮಿಕ್ಸಿಯ ಸದ್ದು, ನಮ್ಮ ಕುಕ್ಕರಿನ ಸೀಟಿ, ನಮ್ಮ ಟಿವಿಯ ಧಾರಾವಾಹಿ ಒಟ್ಟಿಗೆ ಕೇಳಿಸಿದವು. ಅಮ್ಮ ಒರಳುಕಲ್ಲಿನಲ್ಲಿ ಚಟ್ನಿ ಅರೆಯುತ್ತಾ ಕೂತಳು.

"ಇದೆಲ್ಲಾ ಯಾಕ್ಲಾ?" ಎಂದು ಅಜ್ಜಿ ಕೇಳಿದ್ದಕ್ಕೆ ಅಪ್ಪ ಹೂಂ ಅಂದ. "ರಂಜಿತಾಳ ಅಂಕಪಟ್ಟಿ ತನಿಖೆಗೆ ಬರ್ತಾರೆ ಅತ್ತೆ," ಎಂದು ಅಮ್ಮ ಸುಳ್ಳು ಹೇಳಿದಳು. ಅಂಕಪಟ್ಟಿಗೂ ಕುಕ್ಕರಿಗೂ ಏನು ಸಂಬಂಧ ಎಂದು ಅಜ್ಜಿ ಕೇಳಲಿಲ್ಲ. ಅವಳ ಕಥೆಗಳಲ್ಲಿ ಇದಕ್ಕಿಂತ ವಿಚಿತ್ರ ಸಂಬಂಧಗಳಿದ್ದವು.

ವಕೀಲ ಮುರಳಿಗೆ ಇದು ಎರಡನೆಯದೋ ಮೂರನೆಯದೋ ಕೇಸು. ಕೋಟು ಇನ್ನೂ ಹೊಸ ಬಟ್ಟೆಯ ವಾಸನೆ ಹೊಡೆಯುತ್ತಿತ್ತು. ಅವರು ಕ್ಯಾಲೆಂಡರಿನ ಹಿಂದೆ ನಾನು ಬರೆದದ್ದನ್ನೆಲ್ಲ ಓದಿ ಹೇಳಿದರು: "ಇರೋದು ಒಂದೇ ದಾರಿ. ಇವರಿಗೆ ಕಿವಿ ಕೇಳಲ್ಲ, ಪ್ರಶ್ನೆ ಅರ್ಥ ಆಗ್ದೆ ಒಪ್ಕೊಂಡ್ರು ಅಂತ ಸಾಬೀತು ಮಾಡ್ಬೇಕು. ಡಾಕ್ಟರ್ ಸರ್ಟಿಫಿಕೇಟ್ ತನ್ನಿ."

ಅಪ್ಪ ಒಪ್ಪುವುದಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ಬಿಪಿ ನೋಡಿಸೋಣ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಅಪ್ಪನ ಕಿವಿಗೆ ಎರಡು ಬಟ್ಟಲು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗೆಲ್ಲ ಒತ್ತಿ ಎಂದರಂತೆ. ಅಪ್ಪನಿಗೆ ಬಟ್ಟಲು ನೋಡಿದ ಕೂಡಲೇ ಸಂಗತಿ ಹೊಳೆಯಿತು. ಮಾನ ಉಳಿಸಿಕೊಳ್ಳಬೇಕೆಂದು ಮಗ್ಗದ ಲಾಳಿ ಹೋಗಿ ಬರುವ ಲೆಕ್ಕದಲ್ಲಿ, ಟಕ್ ಟಕ್ ಟಕ್ ಟಕ್ ಎಂದು, ಬಿಡದೆ ಒತ್ತಿದ. ಅಲ್ಲಿದ್ದ ಹುಡುಗಿ ಬೆರಗಾಗಿ, ಹೊರಡದ ಸದ್ದುಗಳೂ ಇವರಿಗೆ ಕೇಳುತ್ತವೆ ಎಂದಳಂತೆ. ಸರ್ಟಿಫಿಕೇಟಿನಲ್ಲಿ 'ಶ್ರವಣ ಶಕ್ತಿ ಉತ್ತಮ' ಎಂದು ಬಂತು.

ಮುರಳಿ ಅದನ್ನು ಮಡಿಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. "ಇದನ್ನ ಮರ್ತುಬಿಡೋಣ. ಸಾಹೇಬ್ರ ಎದುರಿಗೇ ತೋರ್ಸೋಣ. ಅವರು ಏನ್ ಕೇಳಿದ್ರೂ ಇವರು ಸುಮ್ನೆ ನಿಂತಿರ್ಬೇಕು. ಒಂದು ಮಾತಿಲ್ಲ, ಒಂದು ಹೂಂ ಇಲ್ಲ. ಅಷ್ಟು ಸಾಕು, ಮಗ್ಗ ಉಳೀತದೆ."

ಒಂದು ವಾರ ಮನೆಯಲ್ಲಿ ತಾಲೀಮು ನಡೆಯಿತು. ನಾನು ಜಡ್ಜಾಗಿ ಮೆಟ್ಟಿಲ ಮೇಲೆ ಕೂತು ಬಾಯಿ ಆಡಿಸುವುದು, ಅಪ್ಪ ಗೋಡೆ ನೋಡುತ್ತಾ ನಿಲ್ಲುವುದು. ಮೊದಲ ದಿನ ಹನ್ನೊಂದು ಹೂಂ ಬಂದವು. ಎರಡನೇ ದಿನ ಆರು. ಏಳನೇ ದಿನ ಒಂದೂ ಬರಲಿಲ್ಲ. ಅಪ್ಪ ತುಟಿ ಕಚ್ಚಿಕೊಂಡು ಬೆವರುತ್ತಿದ್ದ. ಸಿಗರೇಟು ಬಿಡುವವರ ಮುಖವನ್ನು ನಾನು ನೋಡಿದ್ದೇನೆ, ಹಾಗಿತ್ತು.

"ಕೋರ್ಟಿಗೆ ಅವ್ವ ಬರ್ಬಾರ್ದು," ಅಂದ ಅಪ್ಪ. ವಕೀಲರು ಕಿವಿಯ ವಿಷಯ ಎಲ್ಲರೆದುರು ಹೇಳುತ್ತಾರೆ ಎಂಬುದೇ ಅವನ ಭಯ. ಅಜ್ಜಿಯನ್ನು ದ್ಯಾವಮ್ಮನ ಮನೆಯಲ್ಲಿ, ನಮ್ಮದೇ ಟಿವಿಯ ಮುಂದೆ ಕೂರಿಸಿ ಹೊರಟೆವು.

ಹಳೇ ನ್ಯಾಯಾಧೀಶರಿಗೆ ವರ್ಗವಾಗಿತ್ತು. ಹೊಸಬರು ಶಾಂತ ಸ್ವಭಾವದವರು, ಕನ್ನಡಕದ ಮೇಲಿನಿಂದ ನೋಡುವವರು. ಮುರಳಿ ಎದ್ದು ನಿಂತು, ಕಂಠಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದರು: "ಸ್ವಾಮಿ, ನನ್ನ ಕಕ್ಷಿದಾರರು ನೇಕಾರರು. ಮಗ್ಗದ ಸದ್ದಿನಿಂದ ಹತ್ತು ವರ್ಷಗಳ ಹಿಂದೆಯೇ ಇವರ ಶ್ರವಣ ಶಕ್ತಿ ಸಂಪೂರ್ಣ ನಷ್ಟವಾಗಿದೆ. ಹತ್ತು ವರ್ಷದಿಂದ ಇವರಿಗೆ ಯಾರು ಏನು ಹೇಳಿದರೂ ಒಂದು ಅಕ್ಷರ ಕೇಳುವುದಿಲ್ಲ. ಕೇಳದಿದ್ದರೂ ಹೂಂ ಎನ್ನುವುದು ಇವರ ಅಭ್ಯಾಸ."

ಅದೇ ಹೊತ್ತಿಗೆ ಬಾಗಿಲಲ್ಲಿ ಏನೋ ಗಲಿಬಿಲಿಯಾಯಿತು. ತಿರುಗಿ ನೋಡಿದರೆ ಬೈರಣ್ಣ ಅಜ್ಜಿಯ ರೆಟ್ಟೆ ಹಿಡಿದುಕೊಂಡು ನಿಂತಿದ್ದ. "ಅಜ್ಜೀನೇ ಸಾಕ್ಷಿ ಸ್ವಾಮಿ! ಹೆತ್ತ ತಾಯಿ! ಆಟೋದಲ್ಲಿ ಕರ್ಕೊಂಡ್ ಬಂದ್ಬಿಟ್ಟೆ!" ಎಂದು ಹೆಮ್ಮೆಯಿಂದ ಕೂಗಿದ. ಜವಾನ ಅವನನ್ನು ಗದರಿಸಿ ಇಬ್ಬರನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದ. ಅಜ್ಜಿಯ ಮುಖ ನೋಡಿದೆ. ಎಲ್ಲ ಕೇಳಿಸಿತ್ತು. ಅವಳ ಕಿವಿ ಎಂಬತ್ತರಲ್ಲೂ ಚುರುಕು.

ಅಪ್ಪ ಮಾತ್ರ ತಿರುಗಲಿಲ್ಲ. ಅವನು ಕಲಿತ ಹಾಗೆ ಗೋಡೆ ನೋಡುತ್ತಾ ನಿಂತಿದ್ದ.

ಸಾಹೇಬರು ಕೇಳಿದರು: "ಲಕ್ಷ್ಮಣಪ್ಪನವರೇ, ನೀವು ಯಾವ ಊರಿನವರು?"

ಅಪ್ಪ ಸುಮ್ಮನಿದ್ದ.

"ನಿಮ್ಮ ಹತ್ತಿರ ಜೆಸಿಬಿ ಇದೆಯೇ?"

ಸುಮ್ಮನಿದ್ದ. ಮುರಳಿಯ ಮುಖದಲ್ಲಿ ಬೆಳಕು ಬಂತು. ಅಮ್ಮ ನನ್ನ ಕೈ ಹಿಸುಕಿದಳು.

ಸಾಹೇಬರು ಪೆನ್ನು ಕೈಗೆತ್ತಿಕೊಂಡರು. ಬರೆಯುವ ಮೊದಲು ಕರುಣೆಯಿಂದ, ಕೊನೆಯದಾಗಿ, ಒಂದು ಮಾತು ಕೇಳಿದರು: "ಹಾಗಾದರೆ ನಿಮಗೆ ಕಿವಿ ಕೇಳಿಸುವುದೇ ಇಲ್ಲ, ಅಲ್ಲವೇ?" ಕೇಳಿ, ಅಪ್ಪನ ಮುಖ ನೋಡುತ್ತಾ, ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿದರು. ಗೋಡೆ ನೋಡುತ್ತಿದ್ದ ಅಪ್ಪನ ಓರೆಗಣ್ಣಿಗೆ ಅದು ಬಿತ್ತು.

"ಹೂಂ," ಅಂದ ಅಪ್ಪ.

ಅಪ್ಪ ಅಷ್ಟು ಸತ್ಯವಾದ ಉತ್ತರವನ್ನು ಆ ಕೋರ್ಟಿನಲ್ಲಿ ಅಲ್ಲಿಯವರೆಗೆ ಕೊಟ್ಟಿರಲಿಲ್ಲ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಪ್ರಶ್ನೆ ಚೆನ್ನಾಗಿಯೇ ಕೇಳಿಸಿತಲ್ಲ," ಅಂದರು. ಅರ್ಜಿ ವಜಾ ಆಯಿತು.

ಆಟೋದಲ್ಲಿ ಬೈರಣ್ಣ ಒಬ್ಬನೇ, ಮೇಲಿನ ಕೋರ್ಟು, ಅದರ ಮೇಲಿನ ಕೋರ್ಟು ಎಂದು ಮೆಟ್ಟಿಲು ಎಣಿಸುತ್ತಿದ್ದ. ಆವತ್ತು ಮುಸ್ಸಂಜೆ ಅಜ್ಜಿ ಗೋಣಿಚೀಲದ ಮೇಲೆ ಬಂದು ಕೂರಲಿಲ್ಲ. ಅಪ್ಪ ಮಗ್ಗ ಓಡಿಸುತ್ತಾ ಆ ಚೀಲದ ಕಡೆಯೇ ನೋಡುತ್ತಿದ್ದ. ಎರಡು ಸಲ ನೂಲು ಕಡಿಯಿತು.

ನಾಲ್ಕನೇ ದಿನ ವೆಂಕಟರಮಣಪ್ಪನವರು ಬಂದರು. ಚಪ್ಪಲಿಗೆ ಅಮ್ಮ ಕೊಟ್ಟ ಪಿನ್ನು ಇನ್ನೂ ಇತ್ತು. ಹೊರಗೆ ಒಂದು ಲಗೇಜ್ ಆಟೋ.

ಬೈರಣ್ಣ ಅಡ್ಡ ನಿಂತ. "ಸ್ವಾಮಿ, ಚರಾಸ್ತಿ ಮಾತ್ರ ತಗೊಂಡ್ ಹೋಗ್ಬೋದು. ಮಗ್ಗ ನೆಲಕ್ಕೆ ಬೋಲ್ಟ್ ಹಾಕೈತೆ. ಇದು ಸ್ಥಿರಾಸ್ತಿ. ಪಾಯಿಂಟು!"

"ಬೋಲ್ಟು ಬಿಚ್ಚಿದ್ರೆ ಚರಾಸ್ತಿ," ಅಂದರು ಅಮೀನರು.

"ಬಿಚ್ದಿದ್ರೆ?"

"ಬಿಚ್ಚಲೇಬೇಕಲ್ಲಪ್ಪ." ಅವರು ಮನೆಯೆಲ್ಲ ನೋಡಿದರು. ನಾವು ಸಾಗಿಸಿದ್ದು ಎಷ್ಟು ಚೆನ್ನಾಗಿ ಸಾಗಿಸಿದ್ದೆವೆಂದರೆ ಬರೆದುಕೊಳ್ಳಲು ಮಗ್ಗ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಪಕ್ಕದ ಮನೆಯಲ್ಲಿ ನಮ್ಮ ಕುಕ್ಕರು ಮೂರು ಸಲ ಕೂಗಿತು. ಅಮೀನರು ಪೊಲೀಸಿನವನಿಗೆ ಸ್ಪ್ಯಾನರು ತಿರುಗಿಸುವ ಸನ್ನೆ ಮಾಡಿದರು.

ಅಪ್ಪ ಆ ಸನ್ನೆ ನೋಡಿದ. ಒಳಗೆ ಹೋಗಿ ತನ್ನ ಸ್ಪ್ಯಾನರುಗಳ ಚೀಲ ತಂದ. ಪೊಲೀಸಿನವನ ಕೈಯನ್ನು ಮೆಲ್ಲಗೆ ಸರಿಸಿದ. "ನೀವು ಮುಟ್ಬೇಡಿ ಸ್ವಾಮಿ, ಬೋಲ್ಟಿನ ಹಲ್ಲು ಹೋಗ್ತದೆ," ಅಂದ. ಮೊದಲು ಹಾಸಿನ ನೂಲು ಕತ್ತರಿಸಿ, ಅರ್ಧ ನೇಯ್ದ ಸೀರೆಯನ್ನು ಬಿಡಿಸಿ ಮಡಿಚಿಟ್ಟ. ಅದು ಸಾಹುಕಾರರ ಮಾಲು. ಅಮೀನರು ಅದನ್ನು ಪಟ್ಟಿಗೆ ಹಾಕಲಿಲ್ಲ. ಆಮೇಲೆ ಒಂದೊಂದು ಬೋಲ್ಟಿಗೂ ಎಣ್ಣೆ ಬಿಟ್ಟು, ಕಾದು, ತಿರುಗಿಸಿದ. ಮೂರೂವರೆ ಗಂಟೆ ಹಿಡಿಯಿತು. ಅಮೀನರು ಕೊನೆಕೊನೆಗೆ ತಾವೇ ಕೂತು ನಟ್ಟುಗಳನ್ನು ಒಂದು ಡಬ್ಬಿಗೆ ಹಾಕಿಕೊಟ್ಟರು. ಜಕಾರ್ಡು ಪೆಟ್ಟಿಗೆ ಇಳಿಸುವಾಗ ಅದರ ಕಡೆ ನೋಡಿ, ತಡೆಯಲಾರದೆ, "ಇದೇನಾ ಜೆಸಿಬಿ?" ಅಂದರು. ಯಾರೂ ನಗಲಿಲ್ಲ. ಅವರೂ.

ಪಟ್ಟಿಗೆ ರುಜು ಮಾಡಿಸಿಕೊಳ್ಳುವಾಗ ನಿಯಮದಂತೆ ಕೇಳಿದರು: "ಎಲ್ಲ ಸರಿಯಾಗಿ ಬರ್ಕೊಂಡಿದೀವಾ?"

ಅಪ್ಪ ಅವರ ಬಾಯಿಯನ್ನೇ ನೋಡಿದ. ಏನೂ ಅನ್ನಲಿಲ್ಲ. ಆ ಮೌನ ಕೋರ್ಟಿನಲ್ಲಿ ಬೇಕಾಗಿತ್ತು.

ಮಾರನೇ ದಿನ ಮುಂದಿನ ಕೋಣೆಯಲ್ಲಿ ನೆಲದ ಮೇಲೆ ನಾಲ್ಕು ತೂತು, ಒಂದು ಎಣ್ಣೆಯ ಕಲೆ, ಅಜ್ಜಿಯ ಗೋಣಿಚೀಲ ಇದ್ದವು. ಹುಟ್ಟಿದಂದಿನಿಂದ ನಾನು ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿರಲಿಲ್ಲ, ಆವತ್ತು ಕೇಳಿದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಮುಸ್ಸಂಜೆಯಾದಾಗ ಅಜ್ಜಿ ಒಳಗಿನಿಂದ ಬಂದಳು. ಚೀಲವನ್ನು ಅಪ್ಪನ ಪಕ್ಕಕ್ಕೆ ಎಳೆದು, ಅದರ ಮೇಲೆ ಕೂತು, ಅವನ ಎಡಗೈ ತೆಗೆದು ತನ್ನ ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡಳು.

"ಒಂದೂರಲ್ಲಿ ಒಬ್ಳು ಹುಡುಗಿ ಇದ್ಳಂತೆ," ಅಂದಳು. ಕೂಗುವ ಅಗತ್ಯವಿರಲಿಲ್ಲ. ಅವಳ ದನಿ ಅಷ್ಟು ಮೆತ್ತಗಿದೆ ಎಂದು ನನಗೆ ಆವತ್ತೇ ತಿಳಿದದ್ದು. ಹೇಳಿ, ಅಪ್ಪನ ಅಂಗೈಯನ್ನು ತೋರುಬೆರಳಿನಿಂದ ಒಂದು ಸಲ ತಟ್ಟಿದಳು.

ಅಪ್ಪ ಅವಳ ಮುಖ ನೋಡಿದ. ಅಂಗೈ ನೋಡಿದ. ಆಮೇಲೆ, "ಹೂಂ," ಅಂದ.

"ಅವಳ್ನ ಏಳು ಕೆರೆ ಆಚೆಗೆ ಮದುವೆ ಮಾಡಿ ಕೊಟ್ರಂತೆ." ತಟ್ಟಿದಳು.

"ಹೂಂ."

"ಹೋಗುವಾಗ ಅವ್ಳು ಅಂಗಳದ ನೇರಳೆ ಮರಕ್ಕೆ, ಬರೋ ಶ್ರಾವಣಕ್ಕೆ ಬರ್ತೀನಿ ಅಂತ ಹೇಳಿ ಹೋದ್ಳಂತೆ." ತಟ್ಟಿದಳು.

"ಹೂಂ."

ಕಥೆ ಬಹಳ ಹೊತ್ತು ನಡೆಯಿತು. ಒಂದು ಹೂಂ ಕೂಡ ತಪ್ಪಲಿಲ್ಲ. ವಾಪಸು ಹೊರಟ ಹುಡುಗಿ ಆರು ಕೆರೆ ದಾಟಿದಳು, ಏಳನೆಯದರ ಏರಿಯ ಮೇಲೆ ನಿಂತಳು. ಅಲ್ಲಿಗೆ ಅಜ್ಜಿ ನಿಲ್ಲಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಪ್ಪನ ಕಡೆ ನೋಡದೆ, ಬಾಗಿಲಿನ ಆಚೆ ನೋಡುತ್ತಾ ಇನ್ನೊಂದು ಮಾತು ಕೇಳಿದಳು. ಇಷ್ಟು ವರ್ಷ ಮಗ್ಗದ ಸದ್ದಿನಲ್ಲಿ ನಮಗೆ ಕೇಳಿಸದೆ ಹೋದ ಆ ಮಾತು, ಈಗ ಬಾಗಿಲ ಹಿಂದೆ ನಿಂತಿದ್ದ ನನಗೂ ಅಮ್ಮನಿಗೂ ಕೇಳಿಸಿತು.

"ಈ ಶ್ರಾವಣಕ್ಕಾದ್ರೂ ನನ್ನ ತೌರಿಗೆ, ಅನುಗೊಂಡನಹಳ್ಳಿಗೆ ಒಂದ್ಸಲ ಕರ್ಕೊಂಡ್ ಹೋಗ್ತೀಯೇನ್ಲಾ ಲಕ್ಷ್ಮಣಾ?"

ಅಪ್ಪ ಅಂಗೈ ಚಾಚಿಕೊಂಡು ಕಾಯುತ್ತಿದ್ದ.

ಅಜ್ಜಿ ಬೆರಳು ಎತ್ತಿದಳು. ತಟ್ಟಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಕೈಯನ್ನು ಅವನ ಮಡಿಲಿಗೇ ಇಟ್ಟು, ದೀಪ ಹಚ್ಚಲು ಎದ್ದಳು.